ಐಐಎಂ ಸಂದರ್ಶನಕ್ಕೆ ಸೂಟು: ಬಟ್ಟೆ ಆರಿಸುವುದರಿಂದ ಕುರ್ಚಿಯಲ್ಲಿ ಕೂರುವವರೆಗೆ

ಸಂದರ್ಶನ ಕುಳಿತು ಮಾಡುವ ಕೆಲಸ. ಬಾಗಿಲು ದಾಟಿ ಕುರ್ಚಿ ತಲುಪಲು ಹತ್ತು ಸೆಕೆಂಡು ಸಾಕು. ಆಮೇಲೆ 15ರಿಂದ 30 ನಿಮಿಷ ಮೇಜಿನ ಈಚೆ ಅಭ್ಯರ್ಥಿ, ಆಚೆ ಇಬ್ಬರೋ ಮೂವರೋ ಪ್ರಾಧ್ಯಾಪಕರು. ಅವರ ಕಣ್ಣಿಗೆ ಬೀಳುವುದು ಕಾಲರು, ಟೈ ಗಂಟು, ಹೆಗಲು, ಮೇಜಿನ ಮೇಲಿಟ್ಟ ಮುಂಗೈ ಇಷ್ಟೇ. ಬಟ್ಟೆ ಆರಿಸುವುದು ಮಾತ್ರ ಅಂಗಡಿಯ ನಿಲುಗನ್ನಡಿ ಮುಂದೆ, ನೆಟ್ಟಗೆ ನಿಂತು, ಹೊಟ್ಟೆ ಒಳಗೆಳೆದುಕೊಂಡು. ಅಲ್ಲಿ ಚೆನ್ನಾಗಿ ಕಂಡ ಕೋಟು ಕೂತೊಡನೆ ಕತ್ತಿನ ಹಿಂದೆ ಎದ್ದು ನಿಲ್ಲುತ್ತದೆ, ಅಂಗಿ ಗುಂಡಿಗಳ ನಡುವೆ ಬಾಯಿ ಬಿಡುತ್ತದೆ, ಪ್ಯಾಂಟು ಮೊಣಕಾಲಿಗೆ ಬಿಗಿಯುತ್ತದೆ. ಅಭ್ಯರ್ಥಿಗಳ ಜೊತೆ ಬಟ್ಟೆಯಂಗಡಿ, ಟೈಲರ್ ಅಂಗಡಿ ಸುತ್ತಿ ನಾವು ಕಲಿತದ್ದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದು: ಆರಿಸುವಾಗಲೇ ಕುಳಿತು ನೋಡಬೇಕು.

ಶುರುವಿನಲ್ಲೇ ಒಂದು ಭಯ ಕಳೆಯೋಣ. ಐಐಎಂ ಬೆಂಗಳೂರಿನಂಥ ಎಂಬಿಎ ಸಂಸ್ಥೆಗಳು ಪ್ರಕಟಿಸುವ ಆಯ್ಕೆಯ ಸೂತ್ರದಲ್ಲಿ ಪ್ರವೇಶ ಪರೀಕ್ಷೆಯಾದ ಕ್ಯಾಟ್‌ನ ಅಂಕ, 10 ಮತ್ತು 12ನೇ ತರಗತಿಯ ಅಂಕ, ಪದವಿಯ ಅಂಕ, ಕೆಲಸದ ಅನುಭವ, ಸಂದರ್ಶನ ಇವಕ್ಕೆ ತೂಕವಿದೆ. ಉಡುಪಿಗೆ ಪ್ರತ್ಯೇಕ ಅಂಕವಿಲ್ಲ. ಕೋಟಿಲ್ಲದೆ ಬರೀ ಅಂಗಿ, ಪ್ಯಾಂಟು, ಟೈ ಹಾಕಿಕೊಂಡು ಹೋದವರಿಗೂ ಸೀಟು ಸಿಕ್ಕಿದೆ, ಸಿಗುತ್ತಲೂ ಇದೆ. ಕೋಟು ಹಾಕುವುದರಿಂದ ಸಿಗುವ ಲಾಭ ಬೇರೆ: ಹೆಗಲು ಒಂದು ಆಕಾರದಲ್ಲಿ ನಿಲ್ಲುತ್ತದೆ, ಬೆವರಿನ ಗುರುತು ಮುಚ್ಚಿಹೋಗುತ್ತದೆ, ಉಳಿದ ಅಭ್ಯರ್ಥಿಗಳ ನಡುವೆ ಕಾಯುವಾಗ ತಾನೊಬ್ಬನೇ ಬೇರೆ ಎಂಬ ಕಸಿವಿಸಿ ಇರುವುದಿಲ್ಲ. ಹಾಕಿದ್ದು ಮೈಮೇಲಿದೆ ಎನ್ನುವುದೇ ಮರೆತುಹೋಗುವಂತಿರಬೇಕು. ಪ್ರಶ್ನೆ ಕೇಳುತ್ತಿರುವಾಗ ಕೈ ಕಾಲರಿಗೆ ಹೋಯಿತು ಎಂದರೆ ಆ ಬಟ್ಟೆಗೆ ಎಷ್ಟೇ ದುಡ್ಡು ಕೊಟ್ಟಿದ್ದರೂ ದಂಡ. ಡಿಸೈನ್ ಶಾಲೆಗಳಿಗೆ, ಸಮಾಜವಿಜ್ಞಾನದ ಎಂಎ ಸಂದರ್ಶನಗಳಿಗೆ ಸೂಟೇ ಬೇಡ. ಒಗೆದು ಇಸ್ತ್ರಿ ಮಾಡಿದ ಪೂರ್ತಿ ತೋಳಿನ ಅಂಗಿ ಮತ್ತು ಒಳ್ಳೆಯ ಪ್ಯಾಂಟು ಸಾಕು. ಮುಂದೆ ಹೇಳುವುದು ಎಂಬಿಎ ಸಂದರ್ಶನದ ಮಾತು.

ಕ್ಯಾಟ್ ನಡೆಯುವುದು ಸಾಮಾನ್ಯವಾಗಿ ನವೆಂಬರಿನ ಕೊನೆಯ ಭಾನುವಾರ. ಫಲಿತಾಂಶ ಡಿಸೆಂಬರ್ ಕೊನೆಗೋ ಜನವರಿ ಮೊದಲಿಗೋ. ಸಂದರ್ಶನಗಳು ಹೆಚ್ಚಾಗಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ. ಕರೆ ಕೈಗೆ ಬಂದಮೇಲೆ ಹೊಲಿಸಿದರಾಯಿತು ಎಂದು ಕಾದರೆ ಎಡವಟ್ಟಾಗುವುದು ಇಲ್ಲೇ. ಸಂಕ್ರಾಂತಿ ಕಳೆಯುತ್ತಿದ್ದಂತೆ ನಮ್ಮಲ್ಲಿ ಮದುವೆಗಳು ಶುರು. ಟೈಲರ್ ಅಂಗಡಿಯ ಕಂಬಿ ತುಂಬ ರಿಸೆಪ್ಷನ್ ಸೂಟುಗಳು ನೇತಾಡುತ್ತಿರುತ್ತವೆ. ಆಗ ಹೋದವರಿಗೆ ಟ್ರಯಲ್ ಇಲ್ಲದೆ ನೇರ ಸೂಟು ಕೈಗೆ ಬರುತ್ತದೆ. ಅದೇ ಧನುರ್ಮಾಸದಲ್ಲಿ, ಅಂದರೆ ಡಿಸೆಂಬರ್ ಮಧ್ಯದಿಂದ ಜನವರಿ 14ರವರೆಗೆ, ಮದುವೆಗಳಿರುವುದಿಲ್ಲ. ಮಾಸ್ಟರ್ ಕೈ ಬಿಡುವಾಗಿರುತ್ತದೆ, ಎರಡು ಟ್ರಯಲ್‌ಗೂ ಬೇಸರಿಸುವುದಿಲ್ಲ. ಪರೀಕ್ಷೆ ಚೆನ್ನಾಗಿ ಬರೆದ ನಂಬಿಕೆಯಿದ್ದರೆ ಅಳತೆ ಕೊಡಲು ಇದೇ ಸಕಾಲ. ಬಟ್ಟೆ ಕೊಂಡು ಕೊಡುವುದರಿಂದ ಕೊನೆಯ ತಿದ್ದುಪಡಿವರೆಗೆ ಮೂರ್ನಾಲ್ಕು ವಾರ ಇಟ್ಟುಕೊಳ್ಳಬೇಕು.

ಹೊಲಿಸಬೇಕೋ, ಸಿದ್ಧ ಉಡುಪು ಕೊಳ್ಳಬೇಕೋ? ಮೈಕಟ್ಟು ಸಾಧಾರಣವಾಗಿದ್ದರೆ, ಎದೆಗೂ ಸೊಂಟಕ್ಕೂ ಐದಾರು ಇಂಚಿನ ವ್ಯತ್ಯಾಸವಿದ್ದರೆ, ಸಿದ್ಧ ಸೂಟು ಬೇಗ ಆಗುತ್ತದೆ. ಹೆಗಲು ಇಳಿಜಾರಾದವರಿಗೆ, ಒಂದು ಹೆಗಲು ತಗ್ಗಿದವರಿಗೆ, ತುಂಬ ಸಣಕಲು ಅಥವಾ ತುಂಬ ದಪ್ಪ ಇರುವವರಿಗೆ ಹೊಲಿಸುವುದೇ ವಾಸಿ. ಸಿದ್ಧ ಉಡುಪು ಕೊಳ್ಳುವಾಗ ಯಾವುದನ್ನು ತಿದ್ದಬಹುದು, ಯಾವುದನ್ನು ತಿದ್ದಲಾಗದು ಎಂಬುದು ಗೊತ್ತಿರಬೇಕು. ತೋಳಿನ ಉದ್ದ, ಕೋಟಿನ ಸೊಂಟ, ಪ್ಯಾಂಟಿನ ಸೊಂಟ ಮತ್ತು ಉದ್ದ ಇವನ್ನು ಯಾವ ಆಲ್ಟ್ರೇಷನ್ ಅಂಗಡಿಯವರಾದರೂ ಮಾಡಿಕೊಡುತ್ತಾರೆ. ಹೆಗಲು, ಬಗಲು (ಕೋಟಿನ ಮೈಗೆ ತೋಳು ಕೂಡುವ ಸುತ್ತು), ಕೋಟಿನ ಉದ್ದ ಇವನ್ನು ಮುಟ್ಟಬಾರದು. ಹೆಗಲು ಬಿಚ್ಚಿದರೆ ತೋಳು, ಕಾಲರು, ಒಳಗಿನ ಪ್ಯಾಡು ಎಲ್ಲ ಬಿಚ್ಚಬೇಕು; ಉದ್ದ ಕತ್ತರಿಸಿದರೆ ಜೇಬು ಕೋಟಿನ ತುದಿಗೆ ಬಂದು ಕೂರುತ್ತದೆ. ಹಾಗಾಗಿ ಹೆಗಲಿಗೆ ಸರಿಹೊಂದುವ ಕೋಟು ಮೊದಲು ಆರಿಸಿ, ಉಳಿದದ್ದನ್ನು ಬಿಗಿ ಮಾಡಿಸಿಕೊಳ್ಳಬೇಕು. ಸೊಂಟಕ್ಕೆ ಸರಿಯಾಗಿದೆ ಎಂದು ಹೆಗಲು ಜಾರುವ ಕೋಟು ತಂದರೆ ಅದಕ್ಕೆ ಮದ್ದಿಲ್ಲ.

ಮನೆಯಲ್ಲಿ ಅಣ್ಣನದೋ ಮಾವನದೋ ರಿಸೆಪ್ಷನ್ ಸೂಟು ಇದ್ದೇ ಇರುತ್ತದೆ. "ಒಂದೇ ಸಲ ಹಾಕಿದ್ದು ಕಣೋ, ಹೊಸದಿದ್ದ ಹಾಗೇ ಇದೆ" ಎಂದು ಅತ್ತೆ ಬೀರುವಿನಿಂದ ತೆಗೆದುಕೊಡುತ್ತಾರೆ. ಅದನ್ನು ಬೆಳಕಿಗೆ ಹಿಡಿದು ನೋಡಿ. ವೇದಿಕೆಯ ದೀಪಕ್ಕೆ ಹೊಳೆಯಲೆಂದೇ ಕೊಂಡ ಬಟ್ಟೆ ಹಗಲು ಬೆಳಕಿನಲ್ಲೂ ಹೊಳೆಯುತ್ತದೆ. ಮರೂನ್ ಬಣ್ಣ, ಸ್ಯಾಟಿನ್ ಪಟ್ಟಿಯ ಕಾಲರು, ಹೊಂಬಣ್ಣದ ಗುಂಡಿ ಇದ್ದರಂತೂ ಬೇಡವೇ ಬೇಡ. ಹೊಳಪಿಲ್ಲದ ನೇವಿ ಅಥವಾ ಕಡು ಬೂದು ಬಣ್ಣದ್ದಾಗಿದ್ದು, ಹೆಗಲು ಸರಿಹೊಂದಿದರೆ ಖಂಡಿತ ಹಾಕಿಕೊಳ್ಳಿ. ಎರವಲು ಎಂದು ಯಾರಿಗೂ ತಿಳಿಯದು. ಮದುವೆಗೆ ಬಾಡಿಗೆ ಕೊಡುವ ಅಂಗಡಿಗಳಲ್ಲೂ ಇದೇ ಹೊಳಪಿನ ತೊಂದರೆ.

ಬಟ್ಟೆಯ ವಿಷಯಕ್ಕೆ ಬರೋಣ. ಬೆಂಗಳೂರಿನ ಚಿಕ್ಕಪೇಟೆ, ಕಮರ್ಷಿಯಲ್ ಸ್ಟ್ರೀಟ್, ಮೈಸೂರಿನ ದೇವರಾಜ ಅರಸು ರಸ್ತೆ, ಹುಬ್ಬಳ್ಳಿಯ ದುರ್ಗದಬೈಲು, ಎಲ್ಲಿ ಹೋದರೂ ಅಂಗಡಿಯವರು ಮೇಜಿನ ಮೇಲೆ ಬಿಚ್ಚುವುದು ಮುಖ್ಯವಾಗಿ ಮೂರು ಬಗೆ: ಪಾಲಿಯೆಸ್ಟರ್-ವಿಸ್ಕೋಸ್, ಅಂದರೆ ಟೆರಿ ರೇಯಾನ್, ಪಾಲಿಯೆಸ್ಟರ್-ಉಣ್ಣೆ, ಅಂದರೆ ಟೆರಿ ವೂಲ್, ಮತ್ತು ಪೂರ್ತಿ ಉಣ್ಣೆ. ಟೆರಿ ರೇಯಾನ್ ಅಗ್ಗ, ಸುಕ್ಕು ಕಡಿಮೆ, ಆದರೆ ಸೆಖೆಯಲ್ಲಿ ಬೆವರು ಒಳಗೇ ನಿಲ್ಲುತ್ತದೆ. ವರ್ಷ ಕಳೆದಂತೆ ಸೀಟು ಮತ್ತು ಮೊಣಕೈ ಹೊಳೆಯತೊಡಗುತ್ತವೆ. ಪೂರ್ತಿ ಉಣ್ಣೆ ಸೆಖೆಗೆ ಆಗುವುದಿಲ್ಲ ಎಂಬ ಮಾತು ತಪ್ಪು. ತೆಳುವಾಗಿ, ಬಿಡಿಬಿಡಿಯಾಗಿ ನೇಯ್ದ ಉಣ್ಣೆಯಲ್ಲಿ ಗಾಳಿಯಾಡುತ್ತದೆ, ಕೂತು ಎದ್ದಮೇಲೆ ಸುಕ್ಕು ತಾನೇ ಬಿಚ್ಚಿಕೊಳ್ಳುತ್ತದೆ. ನಮ್ಮ ಶಿಫಾರಸು ಉಣ್ಣೆ ಅರ್ಧದಷ್ಟಾದರೂ ಇರುವ ಟೆರಿ ವೂಲ್; ಬೆಲೆ ಕೈಗೆಟುಕುತ್ತದೆ, ಕ್ರೀಸು ನಿಲ್ಲುತ್ತದೆ.

ತೂಕ ಕೇಳಲು ಮರೆಯಬೇಡಿ. ಚದರ ಮೀಟರಿಗೆ 220ರಿಂದ 260 ಗ್ರಾಂ ಇದ್ದರೆ ಫೆಬ್ರವರಿ-ಏಪ್ರಿಲ್‌ನ ಬೆಂಗಳೂರು, ಹೈದರಾಬಾದು, ಮುಂಬೈಗೆ ಹೊಂದುತ್ತದೆ. 300 ದಾಟಿದರೆ ಅದು ದೆಹಲಿಯ ಚಳಿಗಾಲದ ಬಟ್ಟೆ. ಕೆಲವು ಅಂಗಡಿಗಳಲ್ಲಿ ಒಂದು ಮೀಟರ್ ಉದ್ದದ ತೂಕ ಹೇಳುತ್ತಾರೆ; 58 ಇಂಚು ಪನ್ನದ, ಅಂದರೆ ಅಗಲದ, ಬಟ್ಟೆಯಲ್ಲಿ ಚದರ ಮೀಟರಿಗೆ 250 ಗ್ರಾಂ ಎಂದರೆ ಉದ್ದದ ಮೀಟರಿಗೆ ಸುಮಾರು 370 ಗ್ರಾಂ. ಯಾವ ಲೆಕ್ಕ ಎಂದು ಕೇಳದಿದ್ದರೆ ತೆಳುವಾದದ್ದನ್ನೇ ದಪ್ಪ ಎಂದು ಬಿಟ್ಟುಬರುತ್ತೀರಿ.

ಅಂಚಿನ ಮೇಲೆ ಅಚ್ಚಾದ "ಸೂಪರ್ 120" ಮುಂತಾದ ಬರಹಕ್ಕೆ ಮರುಳಾಗುವುದು ಬೇಡ. ಆ ಸಂಖ್ಯೆ ಉಣ್ಣೆಯ ಎಳೆ ಎಷ್ಟು ಸಣ್ಣ ಎಂಬುದರ ಅಳತೆ. ಸೂಪರ್ 100 ಎಂದರೆ ಎಳೆ 18.75 ಮೈಕ್ರಾನ್ ಮೀರಬಾರದು, ಸೂಪರ್ 120 ಎಂದರೆ 17.75. ಉಣ್ಣೆಯೇ ಇಲ್ಲದ ಬಟ್ಟೆಯ ಅಂಚಿನಲ್ಲೂ ಇದನ್ನು ಅಚ್ಚು ಹಾಕಿ ಮಾರುವುದುಂಟು. ಸಂದೇಹವಿದ್ದರೆ ಅಂಚಿನಿಂದ ಎರಡು ನೂಲು ಎಳೆದುಕೊಂಡು ಬಂದು, ಮನೆಯಲ್ಲಿ ಚಿಮಟದಲ್ಲಿ ಹಿಡಿದು ಬೆಂಕಿಕಡ್ಡಿ ತಾಗಿಸಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಬೆಂಕಿ ತಾನೇ ಆರಿ, ಬೆರಳಲ್ಲಿ ಒತ್ತಿದರೆ ಪುಡಿಯಾಗುವ ಬೂದಿ ಉಳಿಯುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ, ತುದಿಯಲ್ಲಿ ಗಟ್ಟಿ ಕರಿ ಮಣಿ ನಿಲ್ಲುತ್ತದೆ. ಬೆರಕೆ ಬಟ್ಟೆಯಲ್ಲಿ ಎರಡೂ ಸ್ವಲ್ಪ ಸ್ವಲ್ಪ.

ಬಣ್ಣಕ್ಕೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ: ನೇವಿ ನೀಲಿ ಅಥವಾ ಕಡು ಬೂದು. ಅಂಗಡಿಯ ದೀಪದಲ್ಲಿ ನೇವಿ ಕಪ್ಪಾಗಿ ಕಾಣುತ್ತದೆ, ಬಟ್ಟೆಯನ್ನು ಬಾಗಿಲ ಬಳಿಗೆ ಒಯ್ದು ನೋಡಿ. ಅಚ್ಚ ಕಪ್ಪು ಕೋಟು ಬಿಳಿ ಅಂಗಿಯೊಂದಿಗೆ ನಮ್ಮಲ್ಲಿ ನ್ಯಾಯಾಲಯವನ್ನು ನೆನಪಿಸುತ್ತದೆ. ನೂಲಿನ ಎಳೆ, ತಲೆಹೊಟ್ಟು, ಧೂಳು ಎಲ್ಲವೂ ಅದರ ಮೇಲೆ ಎದ್ದು ಕಾಣುತ್ತವೆ. 58 ಇಂಚು ಪನ್ನದಲ್ಲಿ ಕೋಟು-ಪ್ಯಾಂಟಿಗೆ 3.25 ಮೀಟರ್ ಬೇಕು; ಆರಡಿ ದಾಟಿದವರಿಗೆ 3.5. ಒಂದಕ್ಕಿಂತ ಹೆಚ್ಚು ಕರೆ ಬರುವ ಸಂಭವವಿದ್ದರೆ ಅದೇ ತಾನಿನಿಂದ ಇನ್ನೊಂದು 1.25 ಮೀಟರ್ ಸೇರಿಸಿ ಎರಡನೇ ಪ್ಯಾಂಟು ಹೊಲಿಸಿಬಿಡಿ. ಸವೆಯುವುದು, ಸುಕ್ಕಾಗುವುದು, ಕಾಫಿ ಚೆಲ್ಲಿಸಿಕೊಳ್ಳುವುದು ಯಾವಾಗಲೂ ಪ್ಯಾಂಟೇ. ಆಮೇಲೆ ಹೋದರೆ ಅದೇ ಬಣ್ಣದ ತಾನು ಸಿಗುವುದಿಲ್ಲ.

ಮಾಸ್ಟರ್ ಹತ್ತಿರ ಕೇಳಬೇಕಾದದ್ದು ಕೆಲವಿದೆ. ಕೋಟಿನ ಮುಂಭಾಗಕ್ಕೆ ಒಳಗೆ ಏನು ಹಾಕುತ್ತೀರಿ ಎಂಬುದು ಮೊದಲನೆಯದು. ಸಾಮಾನ್ಯವಾಗಿ ಹಾಕುವುದು ಫ್ಯೂಸಿಂಗ್, ಬಿಸಿಗೆ ಅಂಟಿಕೊಳ್ಳುವ ಬಟ್ಟೆ. ಅಗ್ಗದ ಫ್ಯೂಸಿಂಗ್ ಮೇಲೆ ಇಸ್ತ್ರಿ ಸರಿಯಾಗಿ ಕೂರದಿದ್ದರೆ, ಅಥವಾ ಕೋಟನ್ನು ಮನೆಯಲ್ಲಿ ನೀರಿಗೆ ಹಾಕಿದರೆ, ಅಂಟು ಅಲ್ಲಲ್ಲಿ ಬಿಟ್ಟು ಎದೆಯ ಮೇಲೆ ಗುಳ್ಳೆಗಳೇಳುತ್ತವೆ. ಅವು ಮತ್ತೆ ಕೂರುವುದಿಲ್ಲ. ಎದೆಯ ಭಾಗಕ್ಕಾದರೂ ಕ್ಯಾನ್ವಾಸ್ ಹಾಕಿ ಹೊಲಿದರೆ ಕಾಲರಿನ ಮಡಿಕೆ ಚಪ್ಪಟೆಯಾಗದೆ ಮೆತ್ತಗೆ ಉರುಳುತ್ತದೆ, ಕೂಲಿ ಹೆಚ್ಚಾಗುತ್ತದೆ. ಒಮ್ಮೆ ಹೊಲಿಸಿ ಹತ್ತು ವರ್ಷ ಹಾಕುವ ಉದ್ದೇಶವಿದ್ದರೆ ಆ ಖರ್ಚು ಸಾರ್ಥಕ. ಎರಡನೆಯದು, "ಮಾಸ್ಟ್ರೇ, ಒಳಗೆ ಎಷ್ಟು ಬಿಟ್ಟಿರ್ತೀರಿ?" ಪ್ಯಾಂಟಿನ ಹಿಂಬದಿಯ ಹೊಲಿಗೆಯಲ್ಲಿ ಒಂದೂವರೆ ಇಂಚು, ಕೆಳಗೆ ಎರಡು ಇಂಚು, ಕೋಟಿನ ಪಕ್ಕದ ಹೊಲಿಗೆಯಲ್ಲಿ ಮುಕ್ಕಾಲು ಇಂಚು ಬಿಡಿಸಿಕೊಳ್ಳಿ. ಹಾಸ್ಟೆಲ್ ಊಟದ ಮೇಲೆ ಮೈ ಹೇಗೆ ಬದಲಾಗುತ್ತದೋ ಯಾರು ಬಲ್ಲರು.

ಮಾದರಿ ಸರಳವಾಗಿರಲಿ: ಎರಡು ಗುಂಡಿ, ಸಾದಾ ಕತ್ತರಿ ಕಾಲರು, ಹಿಂದೆ ಎರಡು ಸೀಳು. ಹಿಂದಿನ ಸೀಳು ಅಲಂಕಾರಕ್ಕಲ್ಲ. ಕೂತಾಗ ಕೋಟಿನ ಹಿಂಭಾಗ ಎರಡೂ ಪಕ್ಕಕ್ಕೆ ಸರಿದು ಜಾಗ ಮಾಡಿಕೊಡುತ್ತದೆ. ಸೀಳೇ ಇಲ್ಲದ ಕೋಟು ಕೂತೊಡನೆ ಮೇಲಕ್ಕೆ ತಳ್ಳಿಕೊಂಡು ಕತ್ತಿನ ಹಿಂದೆ ಗೂಡು ಕಟ್ಟುತ್ತದೆ.

ಟ್ರಯಲ್ ದಿನ ಸಂದರ್ಶನಕ್ಕೆ ಹಾಕುವ ಅಂಗಿಯನ್ನೇ ಹಾಕಿ, ಬೂಟನ್ನೇ ಮೆಟ್ಟಿ ಹೋಗಬೇಕು. ಟೀ ಶರ್ಟಿನ ಮೇಲೆ ನೋಡಿದ ಕೋಟಿನ ಕಾಲರು, ತೋಳು ಎರಡೂ ಸುಳ್ಳು ಹೇಳುತ್ತವೆ. ಕೋಟು ಆಗ ಬಿಳಿ ನೂಲಿನ ಕಚ್ಚಾ ಹೊಲಿಗೆಯಲ್ಲಿರುತ್ತದೆ, ಬದಲಾಯಿಸಲು ಇದೇ ಹೊತ್ತು. ಮೊದಲು ಹೆಗಲು: ಹೊಲಿಗೆ ಹೆಗಲ ಮೂಳೆಯ ತುದಿಯಲ್ಲೇ ನಿಲ್ಲಬೇಕು. ಗೋಡೆಗೆ ಪಕ್ಕವಾಗಿ ಆನಿಕೊಂಡರೆ ತೋಳಿಗಿಂತ ಮೊದಲು ಕೋಟಿನ ಹೆಗಲು ಗೋಡೆ ಮುಟ್ಟಿ ಮಡಿಚಿಕೊಂಡಿತೋ, ಅಗಲ ಹೆಚ್ಚು. ಕತ್ತಿನ ಹಿಂದೆ ಅಡ್ಡ ಮಡಿಕೆ ಕಂಡರೆ ಹೆಗಲಿನ ಇಳಿಜಾರು ನಿಮ್ಮದಕ್ಕೆ ಹೊಂದಿಲ್ಲ. ಮಾಸ್ಟರ್ ಅಲ್ಲಿ ಪಿನ್ ಹಾಕಿ ಎತ್ತಬೇಕು. ಮೇಲಿನ ಗುಂಡಿ ಹಾಕಿದಾಗ ಅಲ್ಲಿಂದ ಗುಣಿಸು ಚಿಹ್ನೆಯಂತೆ ಗೆರೆ ಎಳೆದರೆ ಹೊಟ್ಟೆಗೆ ಬಿಗಿ. ಹಿಂದಿನ ಸೀಳು ನಿಂತಾಗಲೇ ಬಾಯಿ ತೆರೆದಿದ್ದರೆ ಸೀಟಿಗೆ ಬಿಗಿ.

ಬಗಲಿನ ವಿಷಯ ಬಹಳ ಜನಕ್ಕೆ ತಲೆಕೆಳಗಾಗಿ ಗೊತ್ತಿದೆ. ಕೈ ಸಲೀಸಾಗಿ ಆಡಲೆಂದು ಬಗಲು ಇಳಿಸಿ ಎನ್ನುತ್ತಾರೆ. ಬಗಲು ಇಳಿದಷ್ಟೂ ತೋಳು ಕೋಟಿನ ಮೈಯನ್ನು ಹಿಡಿದೆಳೆಯುತ್ತದೆ. ಕೈ ಎತ್ತಿದರೆ ಇಡೀ ಕೋಟು ಜೊತೆಗೆ ಏಳುತ್ತದೆ. ಬಗಲು ಕಂಕುಳಿಗೆ ಹತ್ತಿರವಿದ್ದರೆ ತೋಳು ಮಾತ್ರ ಆಡುತ್ತದೆ, ಮೈ ತನ್ನ ಜಾಗದಲ್ಲಿರುತ್ತದೆ. ಇದನ್ನು ನೋಡಲು ಅಂಗಡಿಯಲ್ಲೇ ಒಂದು ಸ್ಟೂಲು ಕೇಳಿ ಕುಳಿತು, ಎದುರಿಗೆ ಮೇಜಿದೆ ಎಂದುಕೊಂಡು ಫೈಲು ಕೊಡುವ ಹಾಗೆ ಎರಡೂ ಕೈ ಮುಂದೆ ಚಾಚಿ. ತೋಳು ಮಣಿಕಟ್ಟಿನಿಂದ ಒಂದಿಂಚು ಮೇಲೇರಿದರೆ ಪರವಾಗಿಲ್ಲ, ಮೂರಿಂಚು ಏರಿ ಕಾಲರು ಕತ್ತು ಬಿಟ್ಟು ಹಿಂದೆ ಹೋದರೆ ಬಗಲನ್ನೂ ಬೆನ್ನಿನ ಅಗಲವನ್ನೂ ಮತ್ತೆ ನೋಡಬೇಕು. ಕೈ ಇಳಿಬಿಟ್ಟಾಗ ಕೋಟಿನ ತೋಳಿನಿಂದ ಅಂಗಿಯ ಕಫ್ ಅರ್ಧ ಇಂಚು ಹೊರಗೆ ಕಾಣಬೇಕು. ಸಾಮಾನ್ಯವಾಗಿ ಅಂಗೈ ಮುಚ್ಚುವಷ್ಟು ಉದ್ದ ಇಡುತ್ತಾರೆ. ಪಿನ್ ಹಾಕಿಸಿ ಚಿಕ್ಕದು ಮಾಡಿಸಿ.

ಪ್ಯಾಂಟಿಗೂ ಕೂತೇ ಅಳತೆ. ಸೊಂಟ ಟೇಪಿಗೆ ಸರಿಯಿದ್ದರೂ ತೊಡೆ ಬಿಗಿಯಾಗಿದ್ದರೆ ಕೂತಾಗ ಜೇಬು ಬಾಯಿ ಬಿಡುತ್ತದೆ, ಕೆಳಗಿನ ಅಂಚು ಅರ್ಧ ಕಾಲಿಗೆ ಏರುತ್ತದೆ. ತೀರಾ ಕೆಳಗೆ ಕಟ್ಟುವ ಪ್ಯಾಂಟು ಹಾಕಿದರೆ ಬಾಗಿದಾಗಲೆಲ್ಲ ಅಂಗಿ ಹೊರಬರುತ್ತದೆ. ಹೊಕ್ಕುಳಿಗಿಂತ ಎರಡು ಬೆರಳು ಕೆಳಗೆ ನಿಂತರೆ ಸಾಕು. ಬಾಟಮ್ ಸುತ್ತಳತೆ 14ರಿಂದ 15 ಇಂಚು ಇಟ್ಟುಕೊಂಡರೆ ಯಾವ ಕಾಲಕ್ಕೂ ಸಲ್ಲುತ್ತದೆ.

ಅಂಗಿಯ ಮೇಲೆ ಹಣ ಉಳಿಸಬೇಡಿ, ಎದುರಿಗೆ ಕೂತವರು ಪೂರ್ತಿ ಹೊತ್ತು ನೋಡುವುದು ಅದರ ಕಾಲರನ್ನೇ. ಬಿಳಿ ಅಥವಾ ತಿಳಿನೀಲಿ, ಸಾದಾ ಹತ್ತಿ. ಪೂರ್ತಿ ತೋಳಿನ ಅಂಗಿಗೆ 36 ಇಂಚು ಪನ್ನದಲ್ಲಿ ಎರಡೂಕಾಲರಿಂದ ಎರಡೂವರೆ ಮೀಟರ್, 58 ಇಂಚಿನಲ್ಲಿ 1.6 ಮೀಟರ್. ಹತ್ತಿ ಮೊದಲ ಒಗೆತಕ್ಕೆ ಕುಗ್ಗುತ್ತದೆ. ಕತ್ತರಿ ಹಾಕುವ ಮುಂಚೆ ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿ ಕೊಡಿ. ಹಾಗೆ ಮಾಡದ ಅಂಗಿಯಲ್ಲಿ ಮೊದಲು ಬಿಗಿಯುವುದು ಕತ್ತು, ಅದೂ ಟೈ ಕಟ್ಟಿದ ಮೇಲೆ ಗೊತ್ತಾಗುತ್ತದೆ. ಗುಂಡಿ ಹಾಕಿದ ಕಾಲರಿನೊಳಗೆ ಒಂದು ಬೆರಳು ಸಲೀಸಾಗಿ ತೂರಬೇಕು. ಎರಡು ಬೆರಳು ತೂರಿದರೆ ಟೈ ಎಳೆದಾಗ ಕಾಲರು ನೆರಿಗೆಯಾಗುತ್ತದೆ. ಕಾಲರಿನ ತುದಿಗಳು ಕೋಟಿನ ಕಾಲರಿನ ಅಡಿಗೆ ಹೋಗಿ ಮುಚ್ಚಿಕೊಳ್ಳಬೇಕು, ಗಾಳಿಗೆ ಏಳಬಾರದು. ಅದಕ್ಕೇ ತುದಿಯೊಳಗೆ ಪ್ಲಾಸ್ಟಿಕ್ ಕಡ್ಡಿ ಇಡುವ ಗೂಡು ಮಾಡಿಸಿಕೊಳ್ಳಿ. ಒಳಗಿನ ಬನಿಯನ್ ಬಿಳಿಯದಾದರೆ ಬಿಳಿ ಅಂಗಿಯಲ್ಲಿ ಅದರ ಅಂಚು ಸ್ಪಷ್ಟವಾಗಿ ಕಾಣುತ್ತದೆ. ಮೈಬಣ್ಣಕ್ಕೆ ಹತ್ತಿರದ್ದು ಅಥವಾ ತಿಳಿ ಬೂದು ಬಣ್ಣದ್ದು ಕಾಣುವುದಿಲ್ಲ.

ಟೈ ಏಳರಿಂದ ಎಂಟು ಸೆಂಟಿಮೀಟರ್ ಅಗಲದ್ದು, ಹೊಳಪಿಲ್ಲದ್ದು, ಕೋಟಿಗಿಂತ ತುಸು ಬೇರೆ ಛಾಯೆಯ ನೀಲಿ ಅಥವಾ ಕಡುಗೆಂಪು. ಅಂಗಿ-ಟೈ-ಕರ್ಚೀಫು ಒಂದೇ ಡಬ್ಬಿಯಲ್ಲಿ ಬರುವ ಸೆಟ್ಟು ಮದುವೆ ಉಡುಗೊರೆಗೆ ಸರಿ. ಟೈಯ ತುದಿ ಬೆಲ್ಟಿನ ಬಕಲ್ ಮುಟ್ಟಬೇಕು. ಆರಡಿ ಮೀರಿದವರಿಗೆ ಸಾಮಾನ್ಯ ಉದ್ದದ ಟೈಯಲ್ಲಿ ದೊಡ್ಡ ಗಂಟು ಹಾಕಿದರೆ ತುದಿ ಹೊಟ್ಟೆಯ ಮೇಲೇ ನಿಲ್ಲುತ್ತದೆ. ಒಂದು ಸುತ್ತು ಸುತ್ತಿ ಒಳಗಿಂದ ಎಳೆಯುವ ಸರಳ ಗಂಟು ಹಾಕಿದರೆ ಉದ್ದ ಉಳಿಯುತ್ತದೆ. ಎಲಾಸ್ಟಿಕ್ ಇರುವ ಸಿದ್ಧ ಗಂಟಿನ ಟೈ ಕಾಲರಿನ ನಡುವೆ ಜಾರಿ ಇಳಿಯುತ್ತದೆ. ಹತ್ತು ದಿನ ಬೆಳಿಗ್ಗೆ ಕಟ್ಟಿ ಬಿಚ್ಚಿ ಅಭ್ಯಾಸ ಮಾಡಿದರೆ ಗಂಟು ಕೈಗೆ ಬರುತ್ತದೆ.

ಬೂಟನ್ನು ಸಂಜೆ ಹೊತ್ತು ಕೊಳ್ಳಬೇಕು, ದಿನವಿಡೀ ಓಡಾಡಿದ ಪಾದ ತುಸು ಊದಿರುತ್ತದೆ. ಲೇಸಿನ ಕಪ್ಪು ಚರ್ಮದ ಬೂಟು ಎಲ್ಲಕ್ಕೂ ಸಲ್ಲುತ್ತದೆ. ಚಪ್ಪಲಿ ಮೆಟ್ಟಿ ಬೆಳೆದ ನಮ್ಮವರ ಪಾದ ಮುಂದೆ ಅಗಲ; ಲೇಸಿನ ಪಟ್ಟಿ ಮೇಲಿನಿಂದ ತೆರೆದುಕೊಳ್ಳುವ ಡರ್ಬಿ ಮಾದರಿ ಅಂಥ ಪಾದಕ್ಕೆ ಹಿತ, ಪಟ್ಟಿ ಮುಚ್ಚಿಕೊಂಡಿರುವ ಆಕ್ಸ್‌ಫರ್ಡ್ ಒತ್ತುತ್ತದೆ. ಒಂದು ವಾರ ಮನೆಯಲ್ಲೇ ದಿನಕ್ಕೆರಡು ಗಂಟೆ ಹಾಕಿ ಓಡಾಡದೆ ಹೊಸ ಬೂಟಿನಲ್ಲಿ ಸಂದರ್ಶನಕ್ಕೆ ಹೋಗಬಾರದು. ಅಟ್ಟದ ಮೇಲೆ ಮೂರ್ನಾಲ್ಕು ವರ್ಷ ಡಬ್ಬಿಯಲ್ಲಿಟ್ಟ ಬೂಟು ಇನ್ನೂ ಅಪಾಯ. ಪಾಲಿಯುರೆಥೇನ್ ಸೋಲು ಗಾಳಿಯ ತೇವ ಹೀರಿ ಒಳಗಿಂದ ಸಡಿಲಾಗುತ್ತದೆ, ಅದರಲ್ಲೂ ಮಂಗಳೂರು, ಕಾರವಾರದ ಹವೆಯಲ್ಲಿ. ನೋಡಲು ಹೊಸದೇ. ಹಾಕಿ ನೂರು ಹೆಜ್ಜೆ ನಡೆಯುವುದರೊಳಗೆ ಸೋಲು ಬಿಸ್ಕತ್ತಿನಂತೆ ಉದುರುತ್ತದೆ. ಹಳೆಯದನ್ನೇ ಹಾಕುವುದಾದರೆ ವಾರದ ಮುಂಚೆ ಬಗ್ಗಿಸಿ, ಒತ್ತಿ, ನಡೆದು ಪರೀಕ್ಷಿಸಿ. ಕಾಲ್ಚೀಲ ಪ್ಯಾಂಟಿನ ಬಣ್ಣದ್ದು, ಮೀನಖಂಡದ ಅರ್ಧಕ್ಕಾದರೂ ಬರುವಂಥದ್ದು. ಬೆಲ್ಟು ಬೂಟಿನ ಬಣ್ಣದ್ದು, ಒಂದೂಕಾಲು ಇಂಚು ಅಗಲ.

ಕೊನೆಯ ವಾರದಲ್ಲಿ ಎಲ್ಲ ಕೆಡಿಸುವುದು ಇಸ್ತ್ರಿ. ಬೀದಿಯ ಇದ್ದಿಲ ಪೆಟ್ಟಿಗೆ ಅಂಗಿಗೆ ಒಳ್ಳೆಯದೇ, ಟೆರಿ ವೂಲ್ ಕೋಟಿಗೆ ನೇರ ತಾಗಿಸಿದರೆ ಹೆಗಲ ಹೊಲಿಗೆ, ಜೇಬಿನ ಅಂಚು, ಕಾಲರಿನ ಮಡಿಕೆ ಹೊಳೆಯುವ ಪಟ್ಟೆಯಾಗಿಬಿಡುತ್ತವೆ. ಆ ಹೊಳಪು ಹೋಗುವುದಿಲ್ಲ. ನೀರು ಚಿಮುಕಿಸಿದ ತೆಳು ಹತ್ತಿ ಬಟ್ಟೆ ನಡುವೆ ಹಾಸಿ ಒತ್ತಬೇಕು, ಉಜ್ಜಬಾರದು. "ಅಣ್ಣ, ಬಟ್ಟೆ ಹಾಕಿ ಮಾಡಿ" ಎಂದು ಮನೆಯಿಂದಲೇ ಒಂದು ಹಳೇ ಪಂಚೆಯ ತುಂಡು ಕೊಟ್ಟುಬಂದರೆ ಕೆಲಸ ಸುರಕ್ಷಿತ. ಅಂಗಿಗೆ ಗಂಜಿ ಬೇಡ. ಗಂಜಿ ಹಾಕಿದ ಬಟ್ಟೆ ಕೂತು ಎದ್ದರೆ ಗೆರೆಗೆರೆಯಾಗಿ ಮುರಿಯುತ್ತದೆ. ಹೊಸ ಕೋಟಿನ ತೋಳಿನ ಮೇಲಿನ ಬ್ರಾಂಡ್ ಚೀಟಿ, ಹಿಂದಿನ ಸೀಳಿಗೆ ಅಡ್ಡ ಹಾಕಿದ ಬಿಳಿ ನೂಲು ಎರಡನ್ನೂ ಬಿಚ್ಚಿಸಿ. ಇವು ಅಂಗಡಿಯ ಗುರುತುಗಳು, ಹಾಗೇ ಬಿಟ್ಟು ಬರುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಜೇಬಿನ ಹೊಲಿಗೆ ಬಿಚ್ಚದಿರುವುದೇ ಒಳ್ಳೆಯದು. ಫೋನು, ಪರ್ಸು ತುಂಬಿದ ಜೇಬು ಕೋಟನ್ನು ಒಂದು ಕಡೆಗೆ ಜೋಲಿಸುತ್ತದೆ.

ಕ್ಷೌರ ನಾಲ್ಕೈದು ದಿನ ಮುಂಚೆ ಮಾಡಿಸಿದರೆ ಹೊಸತೆಂಬ ಗೆರೆ ಕಾಣುವುದಿಲ್ಲ. ಗಡ್ಡ ಬಿಡುವವರು ಬಿಡಬಹುದು, ಅಂಚು ತಿದ್ದಿರಲಿ. ಹಣೆಯ ವಿಭೂತಿ, ಕುಂಕುಮ, ಕೈಯ ದಾರ ನಿಮ್ಮ ನಿತ್ಯದ ಭಾಗವಾಗಿದ್ದರೆ ತೆಗೆಯಬೇಕಾದ ಕಾರಣ ನಮಗೆ ಕಾಣುವುದಿಲ್ಲ. ಕತ್ತಿಗೆ ಬಳಿದ ಪೌಡರು ಮಾತ್ರ ಬೇಡ, ನೇವಿ ಕೋಟಿನ ಕಾಲರಿನ ಮೇಲೆ ಬಿಳಿ ಪಟ್ಟೆಯಾಗಿ ಕೂರುತ್ತದೆ. ಕೊಬ್ಬರಿ ಎಣ್ಣೆ ಹಿಂದಿನ ದಿನವೇ ತೊಳೆದುಹೋಗಿರಲಿ.

ಆ ದಿನ ಕೋಟು ಹಾಕಿಕೊಂಡು ಹೊರಡಬಾರದು. ಬನ್ನೇರುಘಟ್ಟ ರಸ್ತೆಯ ದಟ್ಟಣೆಯಲ್ಲಿ ಆಟೋದಲ್ಲೋ ಬಸ್ಸಿನಲ್ಲೋ ಒಂದು ಗಂಟೆ ಕೂತರೆ ಬೆನ್ನು ತೊಯ್ದು ಕೋಟಿನ ಹಿಂಭಾಗ ಮುದ್ದೆಯಾಗುತ್ತದೆ. ಹ್ಯಾಂಗರಿಗೆ ಹಾಕಿ ಒಯ್ಯಲು ಆಗದಿದ್ದರೆ ಮಡಿಸುವ ಕ್ರಮ ಹೀಗೆ: ಎಡ ಹೆಗಲಿನೊಳಗೆ ಕೈ ತೂರಿಸಿ ಅದನ್ನು ಒಳಹೊರಗು ಮಾಡಿ. ಬಲ ಹೆಗಲನ್ನು ಹಾಗೇ ತಂದು ಆ ಎಡ ಹೆಗಲಿನ ಗೂಡೊಳಗೆ ಕೂರಿಸಿ. ಈಗ ಅಸ್ತರು ಹೊರಗೆ, ಬಟ್ಟೆ ಒಳಗೆ. ಉದ್ದಕ್ಕೆ ಸರಿಮಾಡಿ, ನಡುವೆ ಒಂದೇ ಸಲ ಮಡಚಿ, ಚೀಲದಲ್ಲಿ ಎಲ್ಲಕ್ಕಿಂತ ಮೇಲಿಡಿ. ಅಂಕಪಟ್ಟಿಗಳ ಫೈಲು ಅದರ ಕೆಳಗೆ. ರಾತ್ರಿ ರೈಲಿನಲ್ಲಿ ಬರುವವರು ತಲುಪಿದೊಡನೆ ಕೋಟನ್ನು ಬಚ್ಚಲಿನಲ್ಲಿ ನೇತುಹಾಕಿ ಬಿಸಿನೀರು ಬಿಟ್ಟು ಹತ್ತು ನಿಮಿಷ ಬಾಗಿಲು ಹಾಕಿದರೆ, ಉಣ್ಣೆ ಬೆರೆತ ಬಟ್ಟೆಯ ಸುಕ್ಕು ಹಬೆಗೆ ಬಹುಪಾಲು ಬಿಡುತ್ತದೆ. ಆಮೇಲೆ ಗಾಳಿಗೆ ಒಣಗಿಸಬೇಕು. ಚೀಲದಲ್ಲಿ ಇನ್ನೊಂದು ಅಂಗಿ, ಒಂದು ಜೊತೆ ಕಾಲ್ಚೀಲ, ಸೂಜಿಗೆ ಪೋಣಿಸಿದ ದಾರ, ಎರಡು ಅಂಗಿ ಗುಂಡಿ ಇರಲಿ. ತಿಂಡಿ ತಿನ್ನುವಾಗ ಟೈ ಅಂಗಿಯ ಗುಂಡಿಗಳ ನಡುವೆ ಒಳಗಿರಲಿ, ಸಾಂಬಾರಿನ ಕಲೆಗೆ ಅವತ್ತು ಪರಿಹಾರವಿಲ್ಲ. ಬರವಣಿಗೆಯ ಪರೀಕ್ಷೆ ಇರುವ ಕಡೆ ಕಫ್ ಕಾಗದದ ಮೇಲೆ ಉಜ್ಜುತ್ತದೆ. ಜೆಲ್ ಪೆನ್ನಿಗಿಂತ ಬಾಲ್ ಪೆನ್ನು ಒಳ್ಳೆಯದು.

ಒಳಗೆ ಹೋಗುವಾಗ ಮೇಲಿನ ಗುಂಡಿ ಮಾತ್ರ ಹಾಕಿರಬೇಕು, ಕೆಳಗಿನದು ಎಂದೂ ಇಲ್ಲ. ಕೂರುತ್ತಿರುವಂತೆ ಮೇಲಿನದನ್ನೂ ಬಿಚ್ಚಿ. ಬಿಚ್ಚದೆ ಕೂತರೆ ಕೋಟು ಹೊಟ್ಟೆಯ ಬಳಿ ಉಬ್ಬಿ, ಟೈ ಎದ್ದು ಗಲ್ಲಕ್ಕೆ ಬರುತ್ತದೆ. ಕೂತಮೇಲೆ ಹಿಂದಿನ ಅಂಚನ್ನು ತುಸು ಕೆಳಗೆಳೆದು ಅದರ ಮೇಲೇ ಕೂತರೆ ಕಾಲರು ಕತ್ತಿಗೆ ಅಂಟಿಕೊಂಡೇ ಇರುತ್ತದೆ. ಇದನ್ನು ಮನೆಯಲ್ಲಿ ಊಟದ ಮೇಜಿನ ಕುರ್ಚಿಯಲ್ಲಿ ಕೋಟು ಹಾಕಿಕೊಂಡು ಅರ್ಧ ಗಂಟೆ ಪತ್ರಿಕೆ ಓದುತ್ತಾ ರೂಢಿ ಮಾಡಿಕೊಂಡರೆ ಅಲ್ಲಿ ಯೋಚನೆಯಿಲ್ಲದೆ ಬರುತ್ತದೆ. ಎಲ್ಲಿ ಒತ್ತುತ್ತದೆ, ಎಲ್ಲಿ ಕೆರೆಯುತ್ತದೆ ಎಂಬುದೂ ಆ ಅರ್ಧ ಗಂಟೆಯಲ್ಲೇ ಗೊತ್ತಾಗುವುದು. ತಿದ್ದಿಸಲು ಆಗ ಇನ್ನೂ ಸಮಯ ಇರುತ್ತದೆ.

ಕೋವಿಡ್ ವರ್ಷಗಳಂತೆ ಸಂದರ್ಶನ ಆನ್‌ಲೈನಿನಲ್ಲಿ ನಡೆದರೆ ಎರಡು ಬದಲಾವಣೆ ಸಾಕು. ಬಿಳಿಗಿಂತ ತಿಳಿನೀಲಿ ಅಂಗಿ ವಾಸಿ, ಬಿಳಿಯಿಂದ ಕ್ಯಾಮೆರಾ ಬೆಳಕಿನ ಅಂದಾಜು ತಪ್ಪಿ ಮುಖ ಕಪ್ಪಾಗುತ್ತದೆ. ಸಣ್ಣ ಚೌಕಳಿ, ಸಣ್ಣ ಗೆರೆಯ ಬಟ್ಟೆ ಪರದೆಯ ಮೇಲೆ ಅಲೆಅಲೆಯಾಗಿ ಮಿನುಗುತ್ತದೆ. ಪ್ಯಾಂಟು ಹೇಗೂ ಕಾಣುವುದಿಲ್ಲ ಎಂದು ಲುಂಗಿಯಲ್ಲಿ ಕೂರುವುದು ಬೇಡ. ಲೈಟ್ ಹಾಕಲೋ ಚಾರ್ಜರ್ ಸಿಕ್ಕಿಸಲೋ ಏಳಬೇಕಾಗಿ ಬಂದೇ ಬರುತ್ತದೆ.

ಒಂದು ಸಂದರ್ಶನ ಮುಗಿಸಿ ನಾಲ್ಕು ದಿನಕ್ಕೆ ಇನ್ನೊಂದಕ್ಕೆ ಹೋಗಬೇಕಾದವರು ನಡುವೆ ಕೋಟನ್ನು ಡ್ರೈ ಕ್ಲೀನಿಂಗಿಗೆ ಕೊಡಬೇಕಿಲ್ಲ. ಜೇಬು ಖಾಲಿ ಮಾಡಿ, ಅಗಲ ಹೆಗಲಿನ ಹ್ಯಾಂಗರಿಗೆ ಹಾಕಿ, ಒಂದು ದಿನ ನೆರಳಿನ ಗಾಳಿಗೆ ಬಿಟ್ಟು, ಮೆತ್ತನೆ ಬ್ರಷ್‌ನಲ್ಲಿ ಮೇಲಿನಿಂದ ಕೆಳಗೆ ಧೂಳು ಕೊಡವಿದರೆ ಸಾಕು. ಅಂಗಿ ಒಗೆಯಬೇಕು, ಪ್ಯಾಂಟು ಬದಲಿಸಬೇಕು. ಏಪ್ರಿಲ್‌ನಲ್ಲಿ ಕೊನೆಯ ಸಂದರ್ಶನ ಮುಗಿದಮೇಲೆ ಮಾತ್ರ ಡ್ರೈ ಕ್ಲೀನ್ ಮಾಡಿಸಿಯೇ ಎತ್ತಿಡಿ. ಬೆವರು ಉಳಿದ ಉಣ್ಣೆಗೆ ಹುಳು ಬೇಗ ಹತ್ತುತ್ತದೆ, ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಅಂಗಡಿಯವರು ಕೊಡುವ ಪ್ಲಾಸ್ಟಿಕ್ ಹೊದಿಕೆ ತೆಗೆದುಹಾಕಿ ಹಳೇ ಹತ್ತಿ ಪಂಚೆ ಹೊದಿಸಿ, ಮೇಲ್ಗಡೆ ನಾಲ್ಕು ನುಸಿಗುಳಿಗೆ ಕಟ್ಟಿಡಿ. ಜೂನ್ ಹೊತ್ತಿಗೆ ತರಗತಿ ಶುರುವಾಗುತ್ತದೆ, ಬೇಸಿಗೆ ಇಂಟರ್ನ್‌ಶಿಪ್ಪಿನ ಆಯ್ಕೆಗೆ ಇದೇ ಸೂಟು ಮತ್ತೆ ಬೇಕಾಗುತ್ತದೆ.